ದೋಷ ವಿಲೇವಾರಿ

"ಸಾರ್, ನಮ್ಮ ಕನ್ನಡ ಕೀಬೋರ್ಡ್ ತಂತ್ರಾಂಶಕ್ಕೆ ದೋಷ ದಾಖಲಿಸೋ ಟ್ರ್ಯಾಕರ್ ಬಗ್‌ಝಿಲ್ಲಾ ಹಾಕಿಯಾಯ್ತು. ಪರ್ಲ್ ಮಾಡ್ಯೂಲು ಜೋಡಿಸೋದ್ರಲ್ಲೇ ಭಾನುವಾರಗಳೆಲ್ಲ ಹೋದವು."

"1998ರಲ್ಲಿ ಮೊಝಿಲ್ಲಾದವರು ಬಿಟ್ಟಿದ್ದಲ್ವೇನಯ್ಯಾ? ಭೇಷ್! ದೂರು ಬಂತಾ?"

"ಬಂತು. 'ಸೂರ್ಯ' ಅಂತ ಹೊಡೆದರೆ ಅರ್ಕಾವತ್ತು ಮಾಯವಂತೆ."

"ಯಾವ ವರ್ಷನ್, ಯಾವ ಸಿಸ್ಟಂ, ಬರೆದಿದ್ದಾರಾ?"

"ಬರೀ 'ಅರ್ಜೆಂಟ್' ಅಂತಿದೆ."

"'ವರ್ಕ್ಸ್‌ಫಾರ್‌ಮಿ' ಅಂತ, ಅಂದ್ರೆ ನಮ್ಮಲ್ಲಿ ಸರಿಯಾಗೇ ಇದೆ ಅಂತ, ಷರಾ ಹಾಕಿ ಮುಗಿಸು."

(ಈ ಸಾರ್ ಕಂದಾಯ ಇಲಾಖೆಯಿಂದ ನಿವೃತ್ತರು. ಕಡತ ವಿಲೇವಾರಿ ಕರಗತ.)

"ಇನ್ನೂ ನಾಲ್ಕು ಜನ ಅದನ್ನೇ ಬರೆದಿದ್ದಾರೆ ಸಾರ್."

"ಅವೆಲ್ಲ 'ಡೂಪ್ಲಿಕೇಟ್'. ಮೊದಲನೆಯದಕ್ಕೆ ಲಗತ್ತಿಸು."

"ಮೊದಲನೆಯದನ್ನ ಮುಚ್ಚಿದ್ವಲ್ಲ?"

"ಹಾಗಾದ್ರೆ ಎಲ್ಲವೂ ಮುಚ್ಚಿದ ಹಾಗಾಯ್ತು!"

"ಸರಿಪಡಿಸೋರು ಯಾರು ಸಾರ್?"

"ಟ್ರ್ಯಾಕರ್ ಸಮಿತಿಯಲ್ಲಿ ಅಷ್ಟು ಜನ ಇದ್ದೇವೆ, ಕೋಡ್ ಬರೆಯೋ ಒಬ್ಬನನ್ನ ಸೇರಿಸ್ಕೋಬೇಕಿತ್ತು ನೋಡು."

ಓದುಗರೇ, ಕೋಡ್ ಮುಕ್ತವಾಗಿದೆ, ಅರ್ಕಾವತ್ತು ಇನ್ನೂ ಬಂದಿಲ್ಲ. ತಿಳಿದವರು ದಯವಿಟ್ಟು ಕೈಜೋಡಿಸಿ, ದೂರುಗಳು ಸಾಕಷ್ಟಿವೆ.