ಫೋಟೋ ಕೆಳಗಿನ ಎರಡು ಮಾತು

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ತಲೆ ಎತ್ತಿದರೆ ಫ್ಲೆಕ್ಸ್ ತುಂಬ ನಗುಮುಖಗಳು, ತಗ್ಗಿಸಿದರೆ ಗಟಾರ. ನಾನು ಮೇಲೆ ನೋಡುವವರ ಪೈಕಿ. ಹಾಗಾಗಿ ಚಪ್ಪಲಿ ಬಾಳಿಕೆ ಕಮ್ಮಿ.

ನನ್ನ ಈ ಚಟ ಗೊತ್ತಿದ್ದೇ ಕಮಲಾಪುರದ ಸೋದರಮಾವ ಫೋನ್ ಮಾಡಿದರು: "ಅಳಿಯಾ, ಕೆಂಪು ಬಾಳಿಹಣ್ಣಿನ ಬೋರ್ಡ್ ಮಾಡಸ್ಲಿಕತ್ತೀನಿ. ಫೋಟೋ ಕೆಳಗ ಎರಡು ಮಾತು ಬರದು ಕೊಡೋ."

ಫ್ಲೆಕ್ಸ್ ಅಂಗಡಿಗೆ ಹೋದರೆ, ಅಲ್ಲಿನ ಹುಡುಗ ಅಷ್ಟರಲ್ಲೇ ಹಣ್ಣಿನ ಕೆಳಗೆ 'ಕೆಂಪು ಬಾಳೆಹಣ್ಣು' ಎಂದು ಕುಟ್ಟಿದ್ದ. ನನ್ನೊಳಗಿನ ಪಂಡಿತ ಎದ್ದು ಕೂತ. ಕಣ್ಣಿಗೆ ಕಂಡದ್ದನ್ನೇ ಅಡಿಬರಹ ಮತ್ತೆ ಹೇಳಬಾರದಪ್ಪಾ, ಎಂದೆ. ನಮ್ಮ ಕೋಟೆಯ ಜಾಮಿಯಾ ಮಸೀದಿಯ ಚಿತ್ರದಡಿ 'ಮಸೀದಿ' ಎಂದರೆ ಶಾಯಿ ದಂಡ. '1367ರದು; ಬಯಲು ಅಂಗಳವೇ ಇಲ್ಲ, ಪೂರ್ತಿ ಚಾವಣಿ' ಎಂದು ಬರೆದು ನೋಡು, ಜನ ತಿರುಗಿ ಚಿತ್ರ ನೋಡ್ತಾರೆ. ಹುಡುಗ ಆಕಳಿಸಿದ.

ನಾನು ಹೊಸೆದದ್ದು: 'ಸಿಪ್ಪೆಯಷ್ಟೇ ಕೆಂಪು, ಒಳಗೆ ಕೆನೆಬಣ್ಣ. ಜಿಐ ಟ್ಯಾಗ್ ಪಡೆದ ಕಮಲಾಪುರದ ಹಣ್ಣು.'

"ಭಾಳ ಉದ್ದ ಆಯ್ತರೀ ಸರ, ಅಕ್ಷರ ಇರಿವಿಯಷ್ಟು ಆಗ್ತಾವ" ಎಂದ ಹುಡುಗ. ಚದರಡಿ ಲೆಕ್ಕದಲ್ಲಿ ದುಡ್ಡು ತಗೊಳ್ಳುವವನಿಗೆ ಮಾತಿನ ತೂಕ ಎಲ್ಲಿಯದು!

ಅಷ್ಟರಲ್ಲಿ ಮಾವನಿಂದ ವಾಟ್ಸಾಪ್‌ನಲ್ಲಿ ಫೋಟೋಗಳ ಸುರಿಮಳೆ: ರುಮಾಲು ಸುತ್ತಿದ ಮಾವ, ಕೈ ಮುಗಿದ ದೊಡ್ಡಮಾವ, ಕೂಲಿಂಗ್ ಗ್ಲಾಸ್ ಹಾಕಿದ ಮೊಮ್ಮಗ. ಎಲ್ಲರಿಗೂ ಜಾಗ ಮಾಡುವಷ್ಟರಲ್ಲಿ ಹಣ್ಣು ಮೂಲೆ ಸೇರಿತು. ನಾನೂ ಪಾಂಡಿತ್ಯ ಬದಿಗಿಟ್ಟು ಬರೆದುಕೊಟ್ಟೆ: 'ಎಡದಿಂದ ನಾಲ್ಕನೆಯದು ಬಾಳೆಹಣ್ಣು.'