ಕಲ್ಲಿಗೆ ಬೆಲ್ಲ, ಹೊಲಕ್ಕೆ ಕರಡಿ

ದರೋಜಿ ಕರಡಿಧಾಮದಲ್ಲಿ ಕರಡಿ ನೋಡುವುದು ಬಹಳ ಸುಲಭ. ಮಧ್ಯಾಹ್ನ ಅರಣ್ಯ ಇಲಾಖೆಯ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ. ನೀವು ಎದುರಿನ ವೀಕ್ಷಣಾ ಗೋಪುರ ಹತ್ತಿ ಕೂರುತ್ತೀರಿ. ಬಿಸಿಲು ಇಳಿದ ಮೇಲೆ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಇಳಿದು ಬರುತ್ತದೆ. ಬಂಡೆ ನೆಕ್ಕುತ್ತದೆ. ನೀವು ದುರ್ಬೀನಿನಲ್ಲಿ ನೋಡಿ ಆಹಾ ಎನ್ನುತ್ತೀರಿ. ಆರು ಗಂಟೆಗೆ ಆಟ ಮುಗಿಯಿತು. ಟಿಕೆಟ್ ದುಡ್ಡು ವಸೂಲು.

ಕಾಡಂಚಿನ ಊರು ಮೆಟ್ರಿಯಲ್ಲಿ ಕರಡಿ ನೋಡುವುದು ಇನ್ನೂ ಸುಲಭ. ಟಿಕೆಟ್ ಬೇಡ. ದುರ್ಬೀನೂ ಬೇಡ. ಬೆಳಗಿನ ಜಾವ ಚೊಂಬು ಹಿಡಿದು ಹೊಲದ ಬದುವಿನ ಕಡೆ ಹೋದರೆ ಸಾಕು. ಮುಖಾಮುಖಿ ದರ್ಶನ. ಆಮೇಲೆ ಮುಖ ಉಳಿದಿದ್ದರೆ ಅದು ನಿಮ್ಮ ಪುಣ್ಯ.

ಮೊದಲನೆಯದಕ್ಕೆ ಪರಿಸರ ಪ್ರವಾಸೋದ್ಯಮ ಎಂದು ಹೆಸರು. ಎರಡನೆಯದಕ್ಕೆ ಮಾನವ–ವನ್ಯಜೀವಿ ಸಂಘರ್ಷ. ಕರಡಿ ಮಾತ್ರ ಎರಡೂ ಕಡೆ ಅದೇ.

ಸಂಘರ್ಷವಂತೆ. ಮೆಟ್ರಿಯವರು ದಂಡು ಕಟ್ಟಿಕೊಂಡು ಕರಡಿ ಮೇಲೆ ಯುದ್ಧಕ್ಕೆ ಹೋದಂತೆ.

ಯಾವ ಕಾಡಿನ ಗೇಟಿಗೆ ಹೋದರೂ ಒಂದು ಫಲಕ ಇರುತ್ತದೆ. ವನ್ಯಪ್ರಾಣಿಗಳಿಗೆ ಆಹಾರ ಕೊಡಬಾರದು. ಒಳ್ಳೆಯ ಮಾತು. ನೀವು ಮಂಗಕ್ಕೆ ಒಂದು ಬಿಸ್ಕತ್ತು ಎಸೆದರೆ ಗಾರ್ಡ್ ಓಡಿ ಬಂದು ಬೈಯುತ್ತಾನೆ. ಬೈಯಲೇಬೇಕು. ಅದೇ ಇಲಾಖೆ ದರೋಜಿಯಲ್ಲಿ ಬಕೆಟ್ಟುಗಟ್ಟಲೆ ಪಾಕ ಹೊತ್ತು ಗುಡ್ಡ ಹತ್ತಿದರೆ ಅದು ಸಂರಕ್ಷಣೆ. ಬಿಸ್ಕತ್ತು ಅಪರಾಧ, ಬೆಲ್ಲ ಯೋಜನೆ.

1994ರಲ್ಲಿ ಬಿಳಿಕಲ್ಲು ಅರಣ್ಯದ 5,587 ಹೆಕ್ಟೇರನ್ನು ಕರಡಿಧಾಮ ಮಾಡಿದರು. 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಸೇರಿಸಿದರು. ಈಗ 82 ಚದರ ಕಿಲೋಮೀಟರಿಗೂ ಮೇಲೆ. ಮಾಡಿದ್ದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಕುರುಚಲು ಕಾಡು, ಬಂಡೆಯ ಗವಿ, ಗೆದ್ದಲು ಹುತ್ತ, ಜೇನು, ಬಾರಿಹಣ್ಣು, ಕವಳಿಹಣ್ಣು. ಕರಡಿಗೆ ಇನ್ನೇನು ಬೇಕು? ಹುತ್ತ ಒಡೆದು ಗೆದ್ದಲು ಹೀರಲೆಂದೇ ಸೃಷ್ಟಿಕರ್ತ ಅದರ ಮೇಲ್ದವಡೆಯ ಎರಡು ಮುಂದಿನ ಹಲ್ಲು ಕಡಿಮೆ ಮಾಡಿ ಕಳಿಸಿದ್ದಾನೆ. ಅಷ್ಟು ಯೋಚಿಸಿದವನಿಗೆ ಬೆಲ್ಲ ಹೊಳೆಯಲಿಲ್ಲ. ಅದನ್ನು ನಮ್ಮ ಇಲಾಖೆ ಸರಿಪಡಿಸಿತು.

ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಚುರುಕು. ಆ ಮೂಗಿಗೆ ವರ್ಷಗಟ್ಟಲೆ ಪಾಠ ಹೇಳಿಕೊಟ್ಟಿದ್ದೇವೆ: ಎಲ್ಲಿ ಮನುಷ್ಯನ ವಾಸನೆಯೋ ಅಲ್ಲಿ ಸಿಹಿಯ ವಾಸನೆ. ಕರಡಿಧಾಮದ ಬೇಲಿ ದಾಟಿದರೆ ಕಂಪ್ಲಿ ಸೀಮೆ. ಕಬ್ಬು, ಬಾಳೆ. ಪಾಠ ಕಲಿತ ವಿದ್ಯಾರ್ಥಿ ಪರೀಕ್ಷೆ ಬರೆಯಲು ಅಲ್ಲಿಗೆ ಹೋದರೆ ಮೇಷ್ಟ್ರಿಗೆ ಆಶ್ಚರ್ಯ!

ಅಮೆರಿಕದವರೂ ಒಂದು ಕಾಲಕ್ಕೆ ಇದೇ ಹುಚ್ಚು ಮಾಡಿದ್ದರು. ಯೆಲ್ಲೊಸ್ಟೋನ್ ಕಾಡಿನಲ್ಲಿ ಹೋಟೆಲುಗಳ ಮುಸುರೆ ಸುರಿಯುವ ಜಾಗದ ಎದುರು ಮೆಟ್ಟಿಲು ಬೆಂಚು ಹಾಕಿ, ಜನರನ್ನು ಕೂರಿಸಿ ಕರಡಿ ತೋರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬುದ್ಧಿ ಬಂತು, ಬೆಂಚು ಕಿತ್ತರು. ಈಗ ಯೊಸೆಮಿಟಿ ಕಾಡಿಗೆ ಡೇರೆ ಹೂಡಲು ಹೋಗುವವನು ರೊಟ್ಟಿಯಿಂದ ಹಿಡಿದು ಹಲ್ಲುಜ್ಜುವ ಪೇಸ್ಟಿನವರೆಗೆ ವಾಸನೆ ಬರುವುದನ್ನೆಲ್ಲ ಕರಡಿ ತೆರೆಯಲಾರದ ಪೆಟ್ಟಿಗೆಯಲ್ಲಿ ಇಡಬೇಕು. ಇಡದಿದ್ದರೆ ದಂಡ. ಅಲ್ಲಿ ಕರಡಿಗೆ ತಿನಿಸು ಸಿಗುವಂತೆ ಮಾಡಿದವನಿಗೆ ದಂಡ, ಇಲ್ಲಿ ಸಂಬಳ.

ಕಲಂದರರು ನೆನಪಿದ್ದಾರೆಯೇ? ಕರಡಿಯ ಮೂಗಿಗೆ ಹಗ್ಗ ಪೋಣಿಸಿ, ಡಮರು ಬಾರಿಸಿ ಬೀದಿಯಲ್ಲಿ ಕುಣಿಸುತ್ತಿದ್ದರು. ಮಗುವಿನ ಹೆದರಿಕೆ ಹೋಗಲೆಂದು ನಮ್ಮ ತಾಯಂದಿರು ನಾಲ್ಕಾಣೆ ಕೊಟ್ಟು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಒಂದು ಕೂದಲು ಕಿತ್ತು ತಾಯತಕ್ಕೆ ತುಂಬುತ್ತಿದ್ದರು. ಅದು ಕ್ರೌರ್ಯ. 1972ರ ವನ್ಯಜೀವಿ ಕಾಯ್ದೆ ಹೇಳಿತು, ನಿಲ್ಲಿಸಬೇಕಾಗಿತ್ತು, ತಡವಾಗಿಯಾದರೂ ನಿಲ್ಲಿಸಿದರು. ಆ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಕೊಟ್ಟರು. ಸಂತೋಷ.

ಆದರೆ ಹೊತ್ತು ಗೊತ್ತುಮಾಡಿ, ಟಿಕೆಟ್ ಹರಿದು, ತಿಂಡಿ ತೋರಿಸಿ ಕರಡಿಯನ್ನು ಜನರೆದುರು ತರಿಸುವುದಕ್ಕೆ ಏನೆನ್ನಬೇಕು? ಮೂಗಿನ ಹಗ್ಗ ಕಿತ್ತೆವು, ನಾಲಿಗೆಗೆ ಕಟ್ಟಿದೆವು.

ಇನ್ನು ಕ್ಯಾಂಪಿನ ವಿಷಯ. ನಮ್ಮ ಕಡೆ ಕ್ಯಾಂಪು ಎಂದರೆ ತುಂಗಭದ್ರಾ ಕಾಲುವೆ ಬಂದಾಗ ಆಂಧ್ರದಿಂದ ಬಂದವರು ಗದ್ದೆ ಮಾಡಿ ಕಟ್ಟಿಕೊಂಡ ಊರು. ಈಗ ಹೊಸ ಅರ್ಥ ಬಂದಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಶನಿವಾರ ಹಂಪಿ–ಆನೆಗೊಂದಿಯ ಬಂಡೆಗಳ ಸಂದಿಯಲ್ಲಿ ಡೇರೆ ಹೊಡೆದು, ನಕ್ಷತ್ರ ನೋಡಿ, ಬಿರಿಯಾನಿ ಪೊಟ್ಟಣ ಅಲ್ಲೇ ಬಿಟ್ಟು, ಭಾನುವಾರ ಹೊರಟುಹೋಗುವುದು. ಇವರಿಗೆ ಎಷ್ಟೊಂದು ಉಪದೇಶ! ಗುಂಪಾಗಿ ಓಡಾಡಿ. ತಿನ್ನುವುದನ್ನು ಡೇರೆಯೊಳಗೆ ಇಡಬೇಡಿ. ಟಾರ್ಚು ಹಿಡಿಯಿರಿ. ಮಾತಾಡುತ್ತ ನಡೆಯಿರಿ. ಮರಿಯಿರುವ ಕರಡಿ ಕಂಡರೆ ಹತ್ತಿರ ಹೋಗಬೇಡಿ. ಮೊಬೈಲು ತೆಗೆಯುವ ಮೊದಲು ಜೀವ ನೆನಪಿಸಿಕೊಳ್ಳಿ.

ಎಲ್ಲ ಸರಿಯಾದ ಮಾತೇ. ಆದರೆ ಈ ಸೀಮೆಯಲ್ಲಿ ನಿಜವಾಗಿ ಕ್ಯಾಂಪು ಹಾಕುವವನು ಬೇರೆ ಇದ್ದಾನೆ. ಶೇಂಗಾ ಬಲಿಯುವ ಹೊತ್ತಿಗೆ, ಮೆಕ್ಕೆಜೋಳ ಹಾಲು ತುಂಬುವ ಹೊತ್ತಿಗೆ ಮೆಟ್ರಿ, ದೇವಲಾಪುರ, ರಾಮಸಾಗರದ ಹೊಲಗಳಲ್ಲಿ ಅವನ ಮಂಚಿಕೆ ಏಳುತ್ತದೆ. ನಾಲ್ಕು ಗಳ, ಒಂದು ಕಂಬಳಿ, ಬಡಿಯಲು ಒಂದು ತಗಡಿನ ಡಬ್ಬಿ, ಬೀಡಿಕಟ್ಟು. ಮೇಲೆ ಅದೇ ನಕ್ಷತ್ರಗಳು. ಆದರೆ ಅವನ ಕಣ್ಣು ಕೆಳಗೆ. ಹಂದಿಯೋ ಕರಡಿಯೋ ಎಂದು ಸಪ್ಪಳದಲ್ಲೇ ಗುರುತಿಸಬೇಕು. ತಪ್ಪಿದರೆ ಬೆಳಿಗ್ಗೆ ಬಳ್ಳಾರಿ ದೊಡ್ಡಾಸ್ಪತ್ರೆ.

ಇವನಿಗೂ ಉಪದೇಶ ಇದೆ. ಊರಿಗೆ ಜಾಗೃತಿ ಕಾರ್ಯಕ್ರಮ ಬರುತ್ತದೆ. ಶಾಮಿಯಾನ, ಮೈಕು, ಹಾರ. ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ಹೊಲಕ್ಕೆ ಹೋಗಬೇಡಿ. ಒಬ್ಬರೇ ಹೋಗಬೇಡಿ.

ಅವನು ಹೋಗಬೇಕೆಂದು ಹರಕೆ ಹೊತ್ತಿದ್ದಾನೆಯೇ? ಬೋರಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ನೀರು ಹಾಯಿಸುವುದೂ ರಾತ್ರಿಯೇ. ರಾತ್ರಿ ಮನೆಯಲ್ಲಿರು ಎನ್ನುವುದು ಒಂದು ಸರ್ಕಾರಿ ಕಾಗದ. ರಾತ್ರಿ ಹೊಲಕ್ಕೆ ಬಾ ಎನ್ನುವುದು ಇನ್ನೊಂದು. ಎರಡಕ್ಕೂ ಮೇಲೆ ಅದೇ ಗಂಡಭೇರುಂಡ. ಎರಡು ತಲೆ ಇರುವುದು ಇದಕ್ಕೇ ಇರಬೇಕು, ಒಂದಕ್ಕೊಂದು ಮುಖ ನೋಡುವ ಸಂದರ್ಭ ಬರಬಾರದೆಂದು.

ಅತ್ತ ರೆಸಾರ್ಟುಗಳ ಹುಲ್ಲುಹಾಸಿಗೆ ಹಗಲಿಡೀ ನೀರು, ರಾತ್ರಿಯಿಡೀ ದೀಪ. ಅಲ್ಲಿನ ಮೋಟರಿಗೆ ಪಾಳಿ ಇದ್ದದ್ದು ನಾನಂತೂ ಕೇಳಿಲ್ಲ.

ರೆಸಾರ್ಟು ಎಂದಾಗ ನೆನಪಾಯಿತು. ಕಮಲಾಪುರದಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನ ವಸತಿಗೆ ಮೊದಲು ಕರಡಿಯದೇ ಹೆಸರಿತ್ತು, ಸ್ಲಾತ್ ಬೇರ್ ರೆಸಾರ್ಟ್ ಎಂದು. ಆಮೇಲೆ ಹಂಪಿ, ಪರಂಪರೆ ಎಂದು ಬದಲಾಯಿತು. ಕಾಡು ಹೋದ ಮೇಲೆ ಬೋರ್ಡಿನ ಮೇಲಾದರೂ ಇದ್ದ ಜಾಗ. ಅದೂ ಹೋಯಿತು.

ಮತ್ತೆ ಚೊಂಬಿಗೆ ಬರೋಣ. 2019ರ ಅಕ್ಟೋಬರ್ 2ರಂದು ಭಾರತದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಎಂದು ಘೋಷಣೆಯಾಯಿತು. ಆದ್ದರಿಂದ ಬೆಳಗಿನ ಜಾವ ಬಯಲಿಗೆ ಹೋದವನು ಕಾಗದದ ಮೇಲೆ ಇಲ್ಲವೇ ಇಲ್ಲ. ಕರಡಿ ಕಚ್ಚಿದ್ದು ಯಾರನ್ನು? ಇಲ್ಲದವನನ್ನು. ಪಾಪದ ಪ್ರಾಣಿ, ಅದು ಗೆಜೆಟ್ ಓದುವುದಿಲ್ಲ.

ಕಚ್ಚಿದ ಮೇಲೆ ಪರಿಹಾರ ಉಂಟು. ಇಲ್ಲವೆನ್ನಬಾರದು. 2022ರ ಕೊನೆಯಲ್ಲಿ ಸತ್ತವನ ಬೆಲೆಯನ್ನು 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 5 ಲಕ್ಷ, ಗಾಯಕ್ಕೆ 60 ಸಾವಿರ ಮಾಡಿದರು. ಕರಡಿ ಬೆಚ್ಚಿದಾಗ ಎದ್ದು ನಿಂತು ಮುಖಕ್ಕೇ ಕೈಹಾಕುತ್ತದೆ. ಒಂದು ಕಣ್ಣು, ಅರ್ಧ ಮೂಗು, ಒಂದು ಕೆನ್ನೆ ಹೋದರೆ ಅದು ಶಾಶ್ವತವೋ, ಭಾಗಶಃವೋ, ಬರೀ ಗಾಯವೋ? ಕನ್ನಡಿಯನ್ನು ಕೇಳಿದರೆ ಒಂದು ಉತ್ತರ. ಗುಮಾಸ್ತರನ್ನು ಕೇಳಿದರೆ ಇನ್ನೊಂದು. ದುಡ್ಡು ಸಿಗುವುದು ಎರಡನೇ ಉತ್ತರಕ್ಕೆ. ಜೊತೆಗೆ ವೈದ್ಯರ ಪತ್ರ, ಪಂಚನಾಮೆ, ಪಹಣಿ, ಆಧಾರ್, ಪಾಸ್‌ಬುಕ್, ಎರಡು ಫೋಟೊ. ಮುಖ ಸ್ಪಷ್ಟವಾಗಿ ಕಾಣಬೇಕಂತೆ.

ಇದರ ನಡುವೆ 2021ರಲ್ಲಿ ಜಿಲ್ಲೆ ಒಡೆಯಿತು. ಕಮಲಾಪುರ ವಿಜಯನಗರಕ್ಕೆ, ಮೆಟ್ರಿ ಬಳ್ಳಾರಿಗೆ. ಕರಡಿಗೆ ಯಾರೂ ತಿಳಿಸಿಲ್ಲ. ಅದು ಸಂಜೆ ಒಂದು ಜಿಲ್ಲೆಯಲ್ಲಿ ಹೊರಟು ಬೆಳಗಾಗುವುದರೊಳಗೆ ಇನ್ನೊಂದರಲ್ಲಿ ಊಟ ಮುಗಿಸುತ್ತದೆ.

ನಾವೇನೂ ಸಾಚಾಗಳಲ್ಲ. ಕರಡಿ ಊರೊಳಗೆ ಬಂತು ಎಂದರೆ ಇನ್ನೂರು ಜನ, ಇನ್ನೂರು ಮೊಬೈಲು. ದಾರಿ ಬಿಡಿ, ಅದರಷ್ಟಕ್ಕೆ ಅದು ಹೋಗುತ್ತದೆ ಎಂದರೆ ಕೇಳುವವರಿಲ್ಲ. ಕಲ್ಲು ಬೀರುವುದು, ಕೇಕೆ ಹಾಕುವುದು. ಅದು ತಿರುಗಿಬಿದ್ದು ಒಬ್ಬನನ್ನು ಹರಿದರೆ ‘ರೊಚ್ಚಿಗೆದ್ದ ಕರಡಿ’ ಎಂದು ಹಣೆಪಟ್ಟಿ. ಹಂದಿಗೆಂದು ಬದುವಿಗೆ ಕರೆಂಟು ತಂತಿ ಎಳೆಯುವವರೂ ನಮ್ಮವರೇ. ತಂತಿಗೆ ಹಂದಿ, ಕರಡಿ, ಪಕ್ಕದ ಹೊಲದವನ ಮಗ ಎಂಬ ಭೇದವಿಲ್ಲ.

ಗಾದೆಯಲ್ಲೂ ಬೈಗುಳ ಕರಡಿಗೇ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತೇವೆ. ಆ ಕರಡಿ ಪ್ರಾಣಿಯೇ ಅಲ್ಲ, ಕರಡಿ ಮಜಲಿನಲ್ಲಿ ಬಾರಿಸುವ ವಾದ್ಯ ಎನ್ನುವ ತಿಳಿದವರಿದ್ದಾರೆ. ಪೂಜೆಗೆ ವಾದ್ಯ ನುಡಿಸಿದ್ದನ್ನೂ ಈ ಬಡಪಾಯಿಯ ತಲೆಗೆ ಕಟ್ಟಿಬಿಟ್ಟೆವು.

ಅದೂ ಯಾವ ಊರಿನಲ್ಲಿ? ಕಿಷ್ಕಿಂಧೆಯಲ್ಲಿ! ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಆಂಜನೇಯನಿಗೆ ಕೈಮುಗಿಯುತ್ತೇವೆ. ನೀನು ಹಾರಬಲ್ಲೆ ಎಂದು ಆ ಆಂಜನೇಯನಿಗೆ ನೆನಪು ಮಾಡಿಕೊಟ್ಟವನು ಜಾಂಬವಂತ. ಅವನ ಮಗಳನ್ನು ಕೃಷ್ಣ ಮದುವೆಯಾದ. ಆ ಮದುವೆಯ ಮೇಲೆ ನಮ್ಮ ಕೃಷ್ಣದೇವರಾಯ ಸಂಸ್ಕೃತದಲ್ಲಿ ನಾಟಕವನ್ನೇ ಬರೆದ, ‘ಜಾಂಬವತೀ ಕಲ್ಯಾಣ’ ಎಂದು. ಲೆಕ್ಕ ಹಿಡಿದರೆ ಕರಡಿಗಳು ನಮಗೆ ಬೀಗರು. ಬೀಗರು ಬಾಗಿಲಿಗೆ ಬಂದರೆ ಬೆಲ್ಲ–ನೀರು ಕೊಡುವುದು ಈ ಕಡೆಯ ಪದ್ಧತಿ. ಇಲಾಖೆ ಇದನ್ನೇ ಪಾಲಿಸುತ್ತಿದ್ದರೆ ನನ್ನ ತಕರಾರೆಲ್ಲ ವಾಪಸು. ಬೀಗರ ಮನೆ ಅಗೆಯುವುದೂ ಪದ್ಧತಿಯೇ ಎಂದು ಮಾತ್ರ ಕೇಳಬೇಕು.

ಸಂಡೂರಿನ ಗುಡ್ಡಗಳ ಗಣಿಗಾರಿಕೆಯ ಕಥೆ ಹೇಳಿ ಹೇಳಿ ಸಾಕಾಗಿದೆ. 2011ರಲ್ಲಿ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ತಡೆ. ಎಲ್ಲ ಮುಗಿಯಿತು ಎಂದುಕೊಂಡೆವು. 2024ರಲ್ಲಿ ಅಲ್ಲಿನ ದೇವದಾರಿ ಗುಡ್ಡದ ಗಣಿ ಕಡತಕ್ಕೆ ದೆಹಲಿಯಲ್ಲಿ ಸಹಿ ಬಿದ್ದಾಗ 401 ಹೆಕ್ಟೇರ್ ಕಾಡು, 99,330 ಮರ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಮರಗಳನ್ನು ಒಂದೊಂದಾಗಿ ಎಣಿಸಿದ್ದರು. ಅಲ್ಲಿನ ಕರಡಿಗಳ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ಗುಡ್ಡ ಕಳೆದುಕೊಂಡ ಕರಡಿಗೆ ಪರಿಹಾರದ ಅರ್ಜಿ ನಮೂನೆಯೂ ಇಲ್ಲ. ಅದು ಸೀದಾ ಹೊಲಕ್ಕೆ ಬಂದು ವಸೂಲು ಮಾಡಿಕೊಳ್ಳುತ್ತದೆ.

ಏನು ಮಾಡಬೇಕೆಂದು ಗೊತ್ತಿಲ್ಲವೇ? ಕಾಡಂಚಿನ ಊರುಗಳಿಗೆ ಹಗಲು ಹೊತ್ತು ಕರೆಂಟು. ಕಟ್ಟಿದ ಶೌಚಾಲಯಕ್ಕೆ ನೀರು. ಹೊಲದ ದಾರಿಯ ಜಾಲಿ ಪೊದೆ ಸವರುವುದು. ಕಾಡೊಳಗೆ ಕವಳಿ, ಬಾರಿ, ಬೇಸಿಗೆಗೆ ನೀರಿನ ಗುಂಡಿ. ಗೋಪುರದಲ್ಲಿ ಕೂತವನಿಗೆ ಕರಡಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಆದರೆ ಕರಡಿ ಕಾಣದಿದ್ದರೆ ದುಡ್ಡು ಕೊಟ್ಟವನು ಬೇಸರಪಟ್ಟುಕೊಳ್ಳುತ್ತಾನೆ. ಮೆಟ್ರಿಯವನು ಕಂಡದ್ದಕ್ಕೆ ಬೇಸರಪಟ್ಟುಕೊಂಡರೆ ಪರವಾಗಿಲ್ಲ, ಅವನು ಟಿಕೆಟ್ ಕೊಂಡಿಲ್ಲ.

ಆರು ಗಂಟೆಯಾಯಿತು. ಗೋಪುರದಿಂದ ಎಲ್ಲರನ್ನೂ ಇಳಿಸುತ್ತಿದ್ದಾರೆ. ಕಾರುಗಳು ಕಮಲಾಪುರದ ಕಡೆ ಹೊರಟವು. ಗೇಟಿಗೆ ಬೀಗ ಬಿತ್ತು. ಬಂಡೆಯ ಮೇಲೆ ಪಾಕ ಖಾಲಿ. ಕರಡಿ ಇನ್ನೂ ಅಲ್ಲೇ ಮೂಸುತ್ತಿದೆ, ಅದರ ಊಟದ ಹೊತ್ತು ಈಗಷ್ಟೇ ಶುರು. ಮೆಟ್ರಿಯಲ್ಲಿ ಒಬ್ಬ ಟಾರ್ಚಿಗೆ ಹೊಸ ಸೆಲ್ಲು ಹಾಕಿ ಅಂಗೈಗೆ ಬೆಳಕು ಬಿಟ್ಟು ನೋಡುತ್ತಿದ್ದಾನೆ. ಇವತ್ತು ಕರೆಂಟು ಹನ್ನೊಂದಕ್ಕೆ.