ಮುರ್ಡೇಶ್ವರಕ್ಕೆ ಹೋದ ಮದುಮಕ್ಕಳು

ಲಕ್ಕುಂಡಿ ಕಡೆ ಹೊಸದಾಗಿ ಮದುವೆಯಾದವರು ಹನಿಮೂನಿಗೆ ಹೋಗುವುದಿಲ್ಲ, ದೇವರಿಗೆ ಹೋಗುತ್ತಾರೆ. ಸವದತ್ತಿ ಎಲ್ಲಮ್ಮ, ಉಳವಿ, ಶ್ರೀಶೈಲ, ಮನೆದೇವರು ಎಲ್ಲಿದ್ದರೆ ಅಲ್ಲಿಗೆ. ಒಂದು ಕ್ರೂಸರ್ ಗಾಡಿ, ಅದರ ತುಂಬ ಬೀಗರು ಬಿಜ್ಜರು. ಗಂಡಿನ ಪಕ್ಕ ಕಾಕಾ, ಹೆಣ್ಣಿನ ಪಕ್ಕ ಸೋದರತ್ತೆ, ನಡುವೆ ರೊಟ್ಟಿಬುತ್ತಿಯ ಗಂಟು. ಹೋಗಿ ಬರುವಷ್ಟರಲ್ಲಿ ಮದುಮಕ್ಕಳು ತಮ್ಮತಮ್ಮಲ್ಲಿ ಆಡಿದ ಮಾತು ಒಂದೇ: “ಶೇಂಗಾ ಚಟ್ನಿ ಇತ್ತಾಗ ಕೊಡ್ರಿ.”

ನಮ್ಮ ಓಣಿಯ ಹುಡುಗನೊಬ್ಬ ಈ ಪದ್ಧತಿ ಮುರಿಯಲು ಹೊರಟ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ, ಅಕ್ಷತೆ ಕಾಳು ತಲೆಯಿಂದ ಇನ್ನೂ ಉದುರಿರಲಿಲ್ಲ, ಕಟ್ಟೆಯ ಮೇಲೆ ಕೂತವರ ಮುಂದೆ “ಮಾಲ್ದೀವ್ಸಿಗೆ ಹೊಂಟೀವಿ, ಸ್ಕೂಬಾ ಮಾಡ್ತೀವಿ” ಅಂದುಬಿಟ್ಟ.

“ಏನೈತಲೇ ಅಲ್ಲಿ?” ಕಾಕಾನ ಪ್ರಶ್ನೆ.

“ನೀರೈತಿ.”

“ಮತ್ತ?”

“ಉಸುಕೈತಿ.”

“ಉಸುಕು ನೋಡಾಕ ಅಷ್ಟ್ ರೊಕ್ಕಾ? ಮುಂಡರಗಿ ಹೊಳಿದಂಡಿಗೆ ರಾತ್ರಿ ಹೋಗು, ಟಿಪ್ಪರ್‌ಗಟ್ಟಲೆ ಕಾಣತೈತಿ.”

ಕಾಕಾ ಪೇಪರು ಓದುವ ಮನುಷ್ಯ. ಆ ದೇಶದ ನೆಲ ಸಮುದ್ರಕ್ಕಿಂತ ಅಷ್ಟೇನೂ ಎತ್ತರವಿಲ್ಲ ಅನ್ನುವುದು ಅವನಿಗೆ ಗೊತ್ತು. 2009ರಲ್ಲಿ ಅಲ್ಲಿನ ಅಧ್ಯಕ್ಷ ಮೊಹಮ್ಮದ್ ನಶೀದ್ ತಮ್ಮ ಮಂತ್ರಿಗಳಿಗೆ ಸಿಲಿಂಡರ್ ಕಟ್ಟಿಸಿ, ಕಡಲ ತಳದಲ್ಲಿ ಮೇಜು ಹಾಕಿಸಿ ಸಂಪುಟ ಸಭೆ ನಡೆಸಿದ್ದೂ ಗೊತ್ತು. ಭೂಮಿ ಬಿಸಿಯಾಗಿ ಕಡಲು ಏರಿದರೆ ನಮ್ಮ ಗತಿ ಇದೇ ಎಂದು ಲೋಕಕ್ಕೆ ತೋರಿಸಲು ಹಾಗೆ ಮಾಡಿದ್ದರು. ಸಭೆಯುದ್ದಕ್ಕೂ ಕೈಸನ್ನೆ, ಒಬ್ಬರೂ ಬಾಯಿ ಬಿಡುವಂತಿಲ್ಲ. ನಮ್ಮ ಕಡೆಯ ಎಷ್ಟೋ ಸಭೆಗಳನ್ನು ಹೀಗೆ ನಡೆಸಬಹುದಿತ್ತು ಅಂತ ನನಗೂ ಅನ್ನಿಸಿದ್ದುಂಟು. “ಮುಳಗಾಕತ್ತಿದ್ದ ಊರಿಗೆ ಮದಿವಿ ಮಾಡಿದಮ್ಯಾಲೆ ಯಾರರ ಕಳಸ್ತಾರೇನು?” ಅಂತ ಕಾಕಾ ಕಡತ ಮುಚ್ಚಿದ.

ಆಯಿಯ ತಕರಾರು ಬೇರೆ. “ನಮ್ಮ ಊರಾಗ ನೂರಾ ಒಂದು ಗುಡಿ, ನೂರಾ ಒಂದು ಬಾವಿ. ನೀರಾಗ ಇಳಿಯೂದಾದ್ರ ಇಲ್ಲೇ ಇಳಿ. ಅತ್ತಿಮಬ್ಬಿಗೆ ಗೋದಾವರಿ ದಾರಿ ಬಿಟ್ಟಿದ್ಲಂತ. ನಿನಗ ಯಾರ ಬಿಡ್ತಾರ?” 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಹೆಣ್ಣುಮಗಳ ಹೆಸರು ನಡುವೆ ತಂದರೆ ಲಕ್ಕುಂಡಿಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ಕಗ್ಗಂಟು ಬಿಡಿಸಿದ್ದು ಮದುಮಗಳು. ಶಿರಹಟ್ಟಿ ಕಡೆಯ ಹುಡುಗಿ, ತಲೆ ಚುರುಕು. “ಆಯಿ, ಮುರ್ಡೇಶ್ವರಕ್ಕ ಹೋಗಿಬರ್ತೀವ್ರಿ” ಅಂದಳು. ಸಮುದ್ರದ ದಂಡೆಯಲ್ಲಿ 123 ಅಡಿಯ ಶಿವ ಕೂತಿದ್ದಾನೆ, ದರ್ಶನವಾಯಿತು. ಅಲ್ಲಿಂದ ಕಡಲೊಳಗೆ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ನಡುಗಡ್ಡೆ, ಸ್ಕೂಬಾ ಆಯಿತು. ಮೇಲಾಗಿ “ಅಪ್ಪು ಸರ್ ‘ಗಂಧದ ಗುಡಿ’ಯೊಳಗ ಅಲ್ಲೇ ನೀರಾಗ ಇಳದಾರ್ರಿ” ಅಂದಳು. ಅಪ್ಪು ಹೆಸರು ಬಂದ ಮೇಲೆ ಕಾಕಾನೂ ಟವೆಲ್ ಕೊಡವಿ ಎದ್ದ.

ಆಷಾಢ ಬರುವುದರೊಳಗೆ ಹೊರಡಬೇಕಿತ್ತು. ಆಷಾಢದಲ್ಲಿ ನಮ್ಮ ಕಡೆ ಹೊಸ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ನೇತ್ರಾಣಿಯಲ್ಲೂ ಮಳೆಗಾಲಕ್ಕೆ ಡೈವಿಂಗ್ ಬಂದ್. ಅರಬ್ಬಿ ಸಮುದ್ರವೂ ನಮ್ಮ ಹಿರಿಯರ ಪಂಚಾಂಗವನ್ನೇ ಪಾಲಿಸುತ್ತದೆ.

ನೇತ್ರಾಣಿ ಮೇಲಿಂದ ನೋಡಿದರೆ ಹೃದಯದ ಆಕಾರದಲ್ಲಿದೆ, ಹನಿಮೂನಿನವರಿಗೆ ಹೇಳಿ ಮಾಡಿಸಿದ್ದು ಅಂತಾರೆ. ದೋಣಿಯಲ್ಲಿ ಕೂತವರಿಗೆ ಕಾಣುವುದು ಮಾತ್ರ ಕಡಿದಾದ ಬಂಡೆ. ಕಾಲೂರಿ ಅಡ್ಡಾಡಲು ಉಸುಕಿನ ದಂಡೆಯೂ ಇಲ್ಲ, ದೋಣಿಯಿಂದಲೇ ನೀರಿಗೆ ಇಳಿಯಬೇಕು. ನೌಕಾದಳದವರು ಗುಂಡು ಹೊಡೆದು ಗುರಿ ಕಲಿಯುತ್ತಿದ್ದದ್ದೂ ಇದೇ ನಡುಗಡ್ಡೆಯ ಮೇಲೆ. ಮದುವೆಯಾದವನಿಗೆ ಇದಕ್ಕಿಂತ ಒಳ್ಳೆ ಮುನ್ಸೂಚನೆ ಎಲ್ಲಿ ಸಿಕ್ಕೀತು?

ಬೆಳಿಗ್ಗೆ ಹಗುರಾಗಿ ತಿಂದು ಬನ್ನಿ ಎಂದು ಡೈವಿಂಗಿನವರು ಹೇಳಿದ್ದರು. ಹುಡುಗ ಗದಗಿನವರ ಲೆಕ್ಕದಲ್ಲಿ ಹಗುರಾಗಿಯೇ ತಿಂದ: ಬುತ್ತಿಯ ಎರಡು ರೊಟ್ಟಿ, ಗುರೆಳ್ಳ ಚಟ್ನಿ, ಮ್ಯಾಲೆ ಮಾದಲಿ. ದೋಣಿ ತೊಟ್ಟಿಲಾದಾಗ ಮಾದಲಿಯಷ್ಟೂ ಅರಬ್ಬಿ ಸಮುದ್ರಕ್ಕೆ ನೈವೇದ್ಯವಾಯಿತು. ಹುಡುಗಿ ಅವನ ಬೆನ್ನು ತಿಕ್ಕುತ್ತ ಕೂತಳು. ಈ ಜೋಡಿಯ ಮೊದಲ ಏಕಾಂತ ಅದೇ ನೋಡ್ರಿ.

ಇಳಿಯುವ ಮುಂಚೆ ಪಾಠ. ಕಣ್ಣಿನ ಗಾಜು ಮಬ್ಬಾಗದಂತೆ ಒಳಗಡೆ ಉಗುಳಿ ತಿಕ್ಕಿರಿ ಅಂದರು. ಎಲೆಅಡಿಕೆ ಸೀಮೆಯವನಿಗೆ ಈ ವಿದ್ಯೆ ಕಲಿಸಬೇಕೆ! ಉಳಿದದ್ದು ಕಷ್ಟ. ಬಾಯಿಂದಲೇ ಉಸಿರಾಡಬೇಕು, ಉಸಿರು ಕಟ್ಟಿ ಹಿಡಿಯಲೇಬಾರದು. ಇಳಿದಂತೆಲ್ಲ ನೀರಿನ ಒತ್ತಡ ಏರಿ 10 ಮೀಟರ್ ಆಳಕ್ಕೆ ಮೇಲಿನ ಎರಡರಷ್ಟಾಗುತ್ತದೆ. ಕಿವಿ ನೊಂದೀತು, ಮೂಗು ಹಿಡಿದು ಒಳಗೇ ಊದಬೇಕು. ಈಸು ಬರದಿದ್ದರೂ ಚಿಂತೆಯಿಲ್ಲ, ಕಲಿಸುವವರು ಬೆನ್ನ ಹಿಂದೆ ಸಿಲಿಂಡರ್ ಹಿಡಿದೇ ಇರುತ್ತಾರೆ. ಸೊಂಟಕ್ಕೆ ಒಣ ಬುರುಡೆ ಕಟ್ಟಿಕೊಂಡು ಹೊಲದ ಬಾವಿಗೆ ಧುಮುಕಿದ ನಮ್ಮ ಹುಡುಗನಿಗೆ ಇಲ್ಲಿ ಸೊಂಟಕ್ಕೆ ಸೀಸದ ತೂಕ ಕಟ್ಟಿದರು. ಬುರುಡೆ ತೇಲಿಸುತ್ತಿತ್ತು, ಸೀಸ ಮುಳುಗಿಸುತ್ತಿತ್ತು.

ಇನ್ನು ಸನ್ನೆಗಳು. ಹೆಬ್ಬೆಟ್ಟು ಮೇಲೆ ಮಾಡಿದರೆ ‘ಮೇಲಕ್ಕೆ ಒಯ್ಯಿರಿ’ ಅಂತ. ಚೆನ್ನಾಗಿದೆ ಅನ್ನಲು ಬೆರಳು ಸುತ್ತಿ ಸೊನ್ನೆ ತೋರಿಸಬೇಕು. ಹುಡುಗ ಹೂಂ ಹೂಂ ಅಂದ, ಕೆಳಗಿಳಿದ. ಹವಳದ ಸಂದಿಯಿಂದ ಹಸಿರು ನೀಲಿ ಬಣ್ಣದ ಗಿಳಿಮೀನೊಂದು ಹೊರಬಂದು, ಗಾಜಿನ ಮುಂದೆ ನಿಂತು ಮೂತಿ ನೋಡಿತು. ಖುಷಿ ತಡೆಯದೆ ಹೆಂಡತಿಗೆ ಹೆಬ್ಬೆಟ್ಟು ಎತ್ತಿ ತೋರಿಸಿದ. ಹಿಂದಿದ್ದವರು ಅವನನ್ನು ತಕ್ಷಣ ಮೇಲಕ್ಕೆ ಒಯ್ದರು. ಮತ್ತೆ ಇಳಿದ, ಮತ್ತೆ ಮೀನು, ಮತ್ತೆ ಹೆಬ್ಬೆಟ್ಟು.

ಹುಡುಗಿ ಒಂದೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಕೂಡುಮನೆಯಲ್ಲಿ ಬೆಳೆದವಳು. ಪಡಸಾಲೆಯಲ್ಲಿ ಕೆಮ್ಮಿದರೆ ಚಹಾ, ಬಳೆ ಸಪ್ಪಳವಾದರೆ ಊಟಕ್ಕೆ ಏಳಿರಿ, ಹಿತ್ತಲ ಬಾಗಿಲ ಚಿಲಕ ಎರಡು ಸಲ ಅಲ್ಲಾಡಿದರೆ ಅದು ಬೇರೆಯೇ ವಿಷಯ. ಅತ್ತೆ ಮಾವಂದಿರ ನಡುವೆ ಸನ್ನೆಯಲ್ಲೇ ಸಂಸಾರ ಮಾಡಿ ಆರು ಮಕ್ಕಳನ್ನು ಹೆತ್ತ ಆಯಿಯನ್ನು ನೇತ್ರಾಣಿಗೆ ಕರೆದೊಯ್ದಿದ್ದರೆ ಅಲ್ಲಿಯೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು.

ತಳದಲ್ಲಿದ್ದಷ್ಟು ಹೊತ್ತೂ ಫೋನಿಲ್ಲ. “ಉಂಡ್ರೇನು, ಎಲ್ಲದೀರಿ, ದರ್ಶನ ಆತೇನು” ಎಂದು ಕೇಳುವವರಿಲ್ಲ. ಮಂದಿ ಸಾಲ ಮಾಡಿ ಅಂಡಮಾನಿಗೆ, ಮಾಲ್ದೀವ್ಸಿಗೆ ಓಡುವುದು ಮೀನು ನೋಡಲಿಕ್ಕೆ ಅಂತ ನಾನು ನಂಬುವುದಿಲ್ಲ. ಸೋದರತ್ತೆ ಇಳಿಯಲಾರದ ಆಳ ಹುಡುಕಿಕೊಂಡು ಹೋಗುತ್ತಾರೆ.

ಇತ್ತ ಅದೇ ವಾರ ಬೆಂಗಳೂರಿನ ಒಂದು ಜೋಡಿ ನಮ್ಮೂರ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಗೆ ಬಂದು, ಮೆಟ್ಟಿಲ ಮಗ್ಗುಲಿನ ಪುಟ್ಟ ಗೂಡುಗಳ ನಡುವೆ ನಿಂತು ಫೋಟೊ ಹೊಡೆಸಿಕೊಂಡು ಹೋಯಿತು. “ನೋಡ್ರಿ, ಅವರು ನಮ್ಮ ಬಾವಿಗೆ ಬರ್ತಾರ, ನಮ್ಮವರು ಅವರ ಸಮುದ್ರಕ್ಕ ಹೊಕ್ಕಾರ” ಅಂತ ಕಾಕಾ ಗೊಣಗಿದ. ಸಮುದ್ರ ಬೆಂಗಳೂರಿನದಲ್ಲ ಅಂತ ಅವನಿಗೆ ಹೇಳುವವರಾರು?

ಮದುಮಕ್ಕಳು ತಿರುಗಿ ಬಂದರು. ಪ್ರಸಾದದ ಜೊತೆ ವಿಡಿಯೊ ತಂದಿದ್ದರು. ಓಣಿಯೆಲ್ಲ ಫೋನಿನ ಸುತ್ತ ನೆರೆಯಿತು. ನೀಲಿ ನೀರು, ಗುಳ್ಳೆಗಳು, ಕರೇ ಅಂಗಿ ತೊಟ್ಟ, ಮುಖ ಮುಚ್ಚಿದ ನಾಲ್ಕು ಜೀವ.

“ಯವ್ವಾ, ಇದರಾಗ ನಮ್ಮ ಹುಡುಗ ಯಾಂವ?” ಸೋದರತ್ತೆ ಕನ್ನಡಕ ಏರಿಸಿದಳು.

ಆಯಿ ಫೋನು ಕಸಿದುಕೊಂಡು ಒಂದು ಸಲ ನೋಡಿ ಬೆರಳಿಟ್ಟಳು.

“ಇಂವನ. ಹೊಟ್ಟಿ ನೋಡಿದ್ರ ಗೊತ್ತಾಗಂಗಿಲ್ಲೇನ?”